ಹಪ್ಪಳದಂಥ ಲೆವೆಲ್ ತ್ರೀ ವೆಸ್ಟ್

ಇದನ್ನು ಶನಿವಾರ ರಾತ್ರಿಯೇ ಬರೆಯಬೇಕಿತ್ತು. ಆಗ ಬರೀ ಸಿಟ್ಟಿತ್ತು. ಇವತ್ತು ಸಿಟ್ಟಿನ ಜೊತೆ ಭುಜನೋವೂ ಇದೆ. ಅದಕ್ಕೇ ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಶನಿವಾರ ಸಂಜೆ ಇಲ್ಲಿ ಪುಣೆಯ ಒಂದು ಮಾಲ್‌ಗೆ ಹೋಗಿದ್ದೆವು. ನಾನು, ಮಗ, ಮತ್ತು ದಿಘಿಯಿಂದ ಬಂದಿದ್ದ ಕಾಕಾ. ಕಾಕಾಗೆ ಚಪ್ಪಲಿ ಬೇಕಿತ್ತು. ಮಗನಿಗೆ ಅಲ್ಲಿ ನಡೆಯುತ್ತಿದ್ದ ಮೊಬೈಲ್ ಗೇಮ್ ಪಂದ್ಯ ಬೇಕಿತ್ತು. ದೊಡ್ಡ ಪರದೆ, ಹೊಗೆ, ಡಿಜೆ, ಮೈಕ್ ಹಿಡಿದು ಕಿರುಚುವ ಹುಡುಗ. ಬಾಗಿಲಲ್ಲೇ ಒಂದು ಸೆಲ್ಫಿ ಸ್ಟಾಲ್. ಗೂಟಕ್ಕೆ ಹೆಲ್ಮೆಟ್, ಆಟಿಕೆ ಬಂದೂಕು, ಬುಲೆಟ್ ಪ್ರೂಫ್ ಜಾಕೆಟ್ಟಿನ ನಕಲಿನಂಥ ಒಂದು ಕಪ್ಪು ವೆಸ್ಟ್ ನೇತು ಹಾಕಿದ್ದರು. ವೆಸ್ಟ್ ಮೇಲೆ ಬಂಗಾರದ ಬಣ್ಣದಲ್ಲಿ 'ಲೆವೆಲ್ 3'. ಮಗ ಓಡಿಹೋಗಿ ಹಾಕಿಕೊಂಡ. ಮೈಕಿನ ಹುಡುಗ ಅವನನ್ನು ನೋಡಿ ಹಿಂದಿಯಲ್ಲಿ ಕೂಗಿದ: ಇದನ್ನು ಹಾಕಿಕೊಂಡ ಮೇಲೆ ಗುಂಡು ನಿನ್ನನ್ನೇನು ಮಾಡೀತು ಹೀರೋ!

ಫೋಟೋ ಆಯಿತು. ಮಗ ಬಿಚ್ಚಿ ಕೊಟ್ಟ ವೆಸ್ಟನ್ನು ಕಾಕಾ ಕಿರುಬೆರಳಿಗೆ ಸಿಕ್ಕಿಸಿಕೊಂಡು ಎತ್ತಿದರು. ಫೋಮ್. ಗಾಳಿಗೆ ತಿರುಗುತ್ತಿತ್ತು.

"ಏನಪಾ ಇದು, ಹಪ್ಪಳ ಆಗೇತಲ್ಲ!"

ನಾನೂ ನಕ್ಕೆ. ಕಥೆ ಅಲ್ಲಿಗೇ ಮುಗಿದಿದ್ದರೆ ನಿಮಗೆ ಈ ಬರಹದ ಕಾಟ ಇರುತ್ತಿರಲಿಲ್ಲ. ಪಕ್ಕದಲ್ಲಿ ನನ್ನದೇ ವಯಸ್ಸಿನ ಒಬ್ಬರು ನಿಂತಿದ್ದರು. ನನ್ನಂತೆಯೇ ಹೊಟ್ಟೆ, ನನ್ನಂತೆಯೇ ಹಿಂಜೇವಾಡಿ ಐಟಿ ಪಾರ್ಕಿನ ಐಡಿ ಕಾರ್ಡಿನ ಪಟ್ಟಿ ಜೇಬಿನಿಂದ ಇಣುಕುತ್ತಿತ್ತು. ಅವರು ಕಾಕಾಗೆ ಪಾಠ ಶುರು ಮಾಡಿದರು. ಅಂಕಲ್, ನಿಜವಾದದ್ದೂ ಈಗ ಇಷ್ಟೇ ಹಗುರ. ನಮ್ಮವರ ಹತ್ರ ಒಳ್ಳೇ ಬುಲೆಟ್ ಪ್ರೂಫ್ ಇಲ್ಲ, ಅದಕ್ಕೇ ಸಾಯ್ತಾರೆ. ಅಮೆರಿಕದವರದ್ದು ನೋಡಿ, ಎಷ್ಟು ಗುಂಡು ಬಿದ್ರೂ ನಡ್ಕೊಂಡು ಹೋಗ್ತಾರೆ. ಸರಿಯಾದ ಜಾಕೆಟ್ ಇದ್ದೂ ಪೆಟ್ಟು ತಿಂದರೆ ಅದು ಟ್ರೇನಿಂಗ್ ಸಮಸ್ಯೆ.

ಇಪ್ಪತ್ತೆಂಟು ವರ್ಷ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದು, ಕಾಶ್ಮೀರದ ಕುಪ್ವಾರಾದಲ್ಲಿ ಎರಡೂವರೆ ವರ್ಷ ರಾತ್ರಿ ಕಾವಲು ಕೂತು ಬಂದ ಸುಬೇದಾರ್, "ಹಾಂ ಸಾಹೇಬ್" ಅಂದರು. ಅಷ್ಟೇ. ವೆಸ್ಟನ್ನು ಗೂಟಕ್ಕೆ ಹಾಕಿ ಚಪ್ಪಲಿ ಅಂಗಡಿ ಕಡೆ ನಡೆದರು. ನಾನೂ ಆ ಮನುಷ್ಯನಿಗೆ ಏನೂ ಅನ್ನಲಿಲ್ಲ. ಮಾಲ್‌ನಲ್ಲಿ ಬಾಯಿ ಬಿಡದವರಿಗೇ ಅಲ್ವಾ ಫೇಸ್‌ಬುಕ್ ಇರೋದು.

ಮೊದಲೇ ಹೇಳಿಬಿಡುತ್ತೇನೆ, ನಾನು ಗೇಮ್ ವಿರೋಧಿ ಅಲ್ಲ. ಹುಬ್ಬಳ್ಳಿಯ ಸೈಬರ್ ಕೆಫೆಯಲ್ಲಿ ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ಕೌಂಟರ್-ಸ್ಟ್ರೈಕ್ ಆಡಿ ಎರಡು ಸೆಮಿಸ್ಟರ್ ಹಾಳು ಮಾಡಿಕೊಂಡವನು ನಾನು. ಸಾಕ್ಷಿಗಳು ಇದೇ ಫ್ರೆಂಡ್ ಲಿಸ್ಟಿನಲ್ಲಿದ್ದೀರಿ, ಸುಮ್ನಿರಿ. 'ಕೆವ್ಲರ್' ಅನ್ನೋ ಶಬ್ದ ನಾನು ಕಲಿತದ್ದೇ ಅಲ್ಲಿ. ಆಟದ ದುಡ್ಡಿನಲ್ಲಿ ವೆಸ್ಟ್‌ಗೆ 650, ಹೆಲ್ಮೆಟ್ ಸೇರಿದರೆ 1000. ಒಂದು ಗುಂಡಿ ಒತ್ತಿದರೆ ಮೈಮೇಲೆ. 2020ರಲ್ಲಿ ಪಬ್‌ಜಿ ನಿಷೇಧ ಆದಾಗ ಮಗನಿಗಿಂತ ಜಾಸ್ತಿ ದುಃಖ ನನಗಾಗಿತ್ತು. ಅದರದೇ ಭಾರತದ ಅವತಾರ ಬಿಜಿಎಂಐ ಬಂದಾಗ ಮೊದಲು ಇಳಿಸಿಕೊಂಡವನೂ ನಾನೇ. ಲೆವೆಲ್ 3 ವೆಸ್ಟ್ ಹಾಕಿದರೆ ಮೈಗೆ ಬಿದ್ದ ಪೆಟ್ಟಿನಲ್ಲಿ ಶೇಕಡಾ 55 ಕಡಿಮೆ. ಲೆವೆಲ್ 2ಕ್ಕೆ 40, ಲೆವೆಲ್ 1ಕ್ಕೆ 30. ಹೆಂಡತಿ ಹುಟ್ಟುಹಬ್ಬ ಮರೆತರೂ ಇದು ಮರೆಯುವುದಿಲ್ಲ.

ನನ್ನ ತಕರಾರು ಒಂದೇ. ಭಾರ ಎಲ್ಲಿ?

ಆಟದಲ್ಲಿ ವೆಸ್ಟ್ ನೆಲದ ಮೇಲೆ ಬಿದ್ದಿರುತ್ತೆ. ಎತ್ತಿಕೊಳ್ಳುತ್ತೀರಿ. ಓಟ ಅದೇ, ನೆಗೆತ ಅದೇ, ಕಿಟಕಿಯಿಂದ ಹಾರುವುದೂ ಅದೇ. ಅದರ ಮೇಲೆ ಬಂಪರ್: ವೆಸ್ಟ್ ಹಾಕಿದರೆ ಸಾಮಾನು ಹೊರುವ ಶಕ್ತಿ ಜಾಸ್ತಿ ಆಗುತ್ತೆ! ಜಗತ್ತಿನಲ್ಲಿ ಯಾವ ಭಾರ ಹೊತ್ತರೆ ಇನ್ನಷ್ಟು ಹೊರುವ ತಾಕತ್ತು ಬರುತ್ತೆ ಸ್ವಾಮಿ? ಮದುವೆ ಅನ್ನಬೇಡಿ, ಅದನ್ನು ನೋಡಿದ್ದೇನೆ.

ಚಪ್ಪಲಿ ಕೊಂಡ ಮೇಲೆ ಫುಡ್‌ಕೋರ್ಟ್‌ನಲ್ಲಿ ಕೂತೆವು. ಮಗ ಬಿಡಲಿಲ್ಲ. "ಅಜ್ಜಾ, ನಿಮ್ಮದು ಯಾವ ಲೆವೆಲ್ ಇತ್ತು?" ಕಾಕಾ ಮೇಜಿನ ಮೇಲಿದ್ದ ಮೆನು ಕಾರ್ಡ್ ಎತ್ತಿ ಎದೆಗೆ ಹಿಡಿದುಕೊಂಡರು. ಎ-ಫೋರ್ ಹಾಳೆಗಿಂತ ಚೂರು ಅಗಲದ್ದು.

"ಗಟ್ಟಿ ಪ್ಲೇಟ್ ಇಷ್ಟ ಇರ್ತದ ನೋಡು. ಮುಂದೊಂದು, ಹಿಂದೊಂದು. ಇದರ ಮ್ಯಾಲೆ ಬಿದ್ರ ಉಳದಿ. ಇಲ್ಲಿ ಬಿದ್ರ," ಅಂದು ಕುತ್ತಿಗೆ ಮುಟ್ಟಿದರು, "ಇಲ್ಲಿ ಬಿದ್ರ," ಕಂಕುಳು, "ಇಲ್ಲಿ," ತೊಡೆ, "ಇಲ್ಲಿ," ಎಡ ಭುಜ. ಭುಜದ ಮೇಲಿಟ್ಟ ಕೈ ತಟ್ಟನೆ ತೆಗೆದರು. "ಇಲ್ಲೆಲ್ಲಾ ದೇವರು ಅದಾನ."

ಮಗ ಮೆನು ಕಾರ್ಡನ್ನೇ ನೋಡುತ್ತಿದ್ದ. ಅದರಲ್ಲಿ ಪನೀರ್ ಟಿಕ್ಕಾದ ಚಿತ್ರ ಇತ್ತು.

ಇದನ್ನು ಆ ಐಡಿ ಕಾರ್ಡಿನ ಮಹಾಶಯರಿಗೂ ಬಿಡಿಸಿ ಹೇಳಬೇಕು ಅನಿಸುತ್ತೆ. ಕೆವ್ಲರ್ ಅಂದರೆ ಬಟ್ಟೆ. 1965ರಲ್ಲಿ ಸ್ಟೆಫನಿ ಕ್ವೋಲೆಕ್ ಅನ್ನೋ ರಸಾಯನಶಾಸ್ತ್ರಜ್ಞೆ ಡ್ಯುಪಾಂಟ್ ಕಂಪನಿಯಲ್ಲಿ ಕಂಡುಹಿಡಿದದ್ದು. ಹುಡುಕುತ್ತಿದ್ದದ್ದು ಕಾರಿನ ಟೈರಿಗೆ ಹಾಕಲು ಹಗುರ, ಗಟ್ಟಿ ನೂಲು. ಅದನ್ನು ಪದರ ಪದರವಾಗಿ ಹೊಲಿದರೆ ಪಿಸ್ತೂಲಿನ ಗುಂಡನ್ನು ಬಲೆಯ ಹಾಗೆ ಹಿಡಿಯುತ್ತೆ. ಎಕೆ-47 ಗುಂಡು ಸೆಕೆಂಡಿಗೆ 700 ಮೀಟರ್‌ಗೂ ಜಾಸ್ತಿ ವೇಗದಲ್ಲಿ ಬರುತ್ತೆ, ಅದಕ್ಕೆ ಈ ಬಲೆ ಸಾಲದು. ಅದಕ್ಕೇ ಪ್ಲೇಟ್ ಬೇಕು. ಪ್ಲೇಟ್ ಅಂದರೆ ಹೆಚ್ಚಾಗಿ ಸೆರಾಮಿಕ್. ಹೌದು, ನಮ್ಮ ಪಿಂಗಾಣಿಯ ಬಳಗವೇ, ಆದರೆ ಉಕ್ಕಿಗಿಂತ ಗಡುಸು. ಬೋರಾನ್ ಕಾರ್ಬೈಡ್, ಸಿಲಿಕಾನ್ ಕಾರ್ಬೈಡ್ ಅಂತೆಲ್ಲ ಬರುತ್ತವೆ. ಗುಂಡು ಅದಕ್ಕೆ ಬಡಿದು ಚೂರಾಗುತ್ತೆ. ಹಿಂದಿರುವ ಪಾಲಿಎಥಿಲೀನ್ ಪದರ ಆ ಚೂರುಗಳನ್ನು ಹಿಡಿಯುತ್ತೆ. ಆದರೆ ಪ್ಲೇಟೂ ಆ ಜಾಗದಲ್ಲಿ ಸೀಳುತ್ತೆ. ಎರಡನೇ ಗುಂಡು ಅದೇ ಜಾಗಕ್ಕೆ ಬಂದರೆ ಲೆಕ್ಕವೇ ಬೇರೆ. ಕೈಜಾರಿ ಬಿದ್ದರೂ ಒಳಗೆ ಬಿರುಕು ಬಿಡಬಹುದು, ಮೇಲೆ ಕಾಣುವುದಿಲ್ಲ, ಎಕ್ಸ್-ರೇ ತೆಗೆದು ನೋಡಬೇಕು. ಮನುಷ್ಯನ ಮೂಳೆಗೂ ಅದೇ, ಅವನ ಜಾಕೆಟಿಗೂ ಅದೇ!

ಇನ್ನು ಗುಂಡು ನಿಂತಿತು ಅಂದುಕೊಳ್ಳೋಣ. ನಿಂತ ಮೇಲೆ? ಅಮೆರಿಕದ ಎನ್‌ಐಜೆ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್) ಪರೀಕ್ಷೆಯಲ್ಲಿ ಜಾಕೆಟ್ ಹಿಂದೆ ಮನುಷ್ಯನ ಬದಲು ಜೇಡಿಮಣ್ಣು ಇಡುತ್ತಾರೆ. ಗುಂಡು ಹಾರಿಸಿ, ಮಣ್ಣಿನಲ್ಲಿ ಎಷ್ಟು ಆಳದ ಗುಳಿ ಬಿತ್ತು ಅಂತ ಅಳೆಯುತ್ತಾರೆ. 44 ಮಿಲಿಮೀಟರ್ ತನಕ ಪಾಸ್. ನಿಮ್ಮ ಬೆರಳು ಅಡ್ಡ ಇಟ್ಟು ನೋಡಿ, ಎರಡು ಬೆರಳಗಲ ದಾಟಿ ಮೂರನೆಯದಕ್ಕೆ ಹೋಗುತ್ತೆ. ಗುಂಡು ಒಳಗೆ ಬರದೇ ಅಷ್ಟು ಗುಳಿ. ಮಣ್ಣಿಗೆ ಪಕ್ಕೆಲುಬು ಇರುವುದಿಲ್ಲ, ನಮಗಿರುತ್ತೆ. ಕಾಕಾನ ಜೊತೆಗಾರನೊಬ್ಬನಿಗೆ ಪ್ಲೇಟ್ ಮೇಲೇ ಬಿದ್ದಿತ್ತಂತೆ. "ಕುದುರಿ ಒದ್ದಂಗ ಆತಂತ. ಹದಿನೈದು ದಿವಸ ನಗಾಕ ಬರ್ತಿದ್ದಿಲ್ಲ ಅವಂಗ. ನಾವು ಬೇಕಂತ ನಗಸ್ತಿದ್ವಿ." ಸೈನ್ಯದ ಹಾಸ್ಯ, ನಮಗೆ ಅರ್ಥ ಆಗೋದು ಕಷ್ಟ.

ಇದು ಬರೀ ನಮ್ಮ ಕಾಕಾನ ಕತೆ ಅಂದುಕೊಳ್ಳಬೇಡಿ. ನಾವು ದಿನಾ ಹಾದುಹೋಗುವ ದಾಪೋಡಿಯಲ್ಲೇ ಸೈನ್ಯದ ಕಾಲೇಜ್ ಆಫ್ ಮಿಲಿಟರಿ ಎಂಜಿನಿಯರಿಂಗ್ ಇದೆ. ಅಲ್ಲಿದ್ದ ಮೇಜರ್ ಅನೂಪ್ ಮಿಶ್ರಾ 'ಸರ್ವತ್ರ ಕವಚ' ಅಂತ ಮೈಪೂರ್ತಿ ಮುಚ್ಚುವ ಜಾಕೆಟ್ ಮಾಡಿದರು. 2019ರಲ್ಲಿ ಜನರಲ್ ಬಿಪಿನ್ ರಾವತ್ ಕೈಯಿಂದ ಪ್ರಶಸ್ತಿಯೂ ಬಂತು. ಅವರು ಆ ಕೆಲಸಕ್ಕೆ ಕೈ ಹಾಕಿದ್ದು ಯಾಕೆ ಗೊತ್ತಾ? ಕಾಶ್ಮೀರದ ಒಂದು ಕಾರ್ಯಾಚರಣೆಯಲ್ಲಿ ಅವರಿಗೇ ಗುಂಡು ಬಿದ್ದಿತ್ತು. ಜಾಕೆಟ್ ತಡೆಯಿತು, ಆದರೆ ಹೊಡೆತ ಮೈಗೆ ತಾಗಿತ್ತು. ಅಂದರೆ ಜಾಕೆಟ್ ಪಾಸಾದ ದಿನವೇ ಒಬ್ಬನಿಗೆ ಇದು ಸಾಲದು ಅನಿಸಿದೆ. ಅದೇ ಮಾಲ್‌ನವರ ಭಾಷೆಯಲ್ಲಿ 'ಗುಂಡು ಏನು ಮಾಡೀತು'.

ನನಗೆ ಆ 'ಪ್ರೂಫ್' ಅನ್ನೋ ಶಬ್ದದ ಮೇಲೇ ಸಿಟ್ಟು. ನಮ್ಮ ಭಾರತೀಯ ಮಾನಕ ಬ್ಯೂರೋ 2018ರಲ್ಲಿ ಇದಕ್ಕೆ ಐಎಸ್ 17051 ಅಂತ ನಿಯಮ ಮಾಡಿತು. ಅದರ ಹೆಸರಲ್ಲಿ ಬುಲೆಟ್ 'ಪ್ರೂಫ್' ಇಲ್ಲವೇ ಇಲ್ಲ, ಬುಲೆಟ್ 'ರೆಸಿಸ್ಟೆಂಟ್' ಅಂತಿದೆ. ತಡೆಯಲು ನೋಡುತ್ತೆ, ಅಷ್ಟೇ. ಸರ್ಕಾರಿ ಕಾಗದಕ್ಕಿರುವ ವಿನಯ ಮೈಕಿನ ಹುಡುಗನಿಗಿಲ್ಲ. ಅದರಲ್ಲಿ ಲೆವೆಲ್ 6ರ ತನಕ ಇದೆ ಅಂದಾಗ ಮಗನ ಕಣ್ಣು ಅರಳಿತು. "ಆರಾ?! ಅದು ಎಲ್ಲಿ ಸಿಗುತ್ತೆ?" ಆಟದಲ್ಲಿ ವಿಮಾನದಿಂದ ಬೀಳುವ ಏರ್‌ಡ್ರಾಪ್‌ನಲ್ಲಿ ಅಂದೆ. ನಾನು ಒಳ್ಳೆಯ ಅಪ್ಪ ಅಲ್ಲ.

ಹಗುರ ಮಾಡುವ ಕೆಲಸ ನಡೆದಿಲ್ಲ ಅಂತಲ್ಲ. 2024ರಲ್ಲಿ ಡಿಆರ್‌ಡಿಒ ಮತ್ತು ಐಐಟಿ ದೆಹಲಿ ಸೇರಿ 'ಅಭೇದ್' ಜಾಕೆಟ್ ಮಾಡಿದವು. ಅದನ್ನು ಹಗುರ ಅಂತ ಹೆಮ್ಮೆಯಿಂದ ಹೇಳಿಕೊಂಡರು, ಹೆಮ್ಮೆ ಸರಿಯಾದದ್ದೇ. ತೂಕ ಎಷ್ಟು ಅಂದುಕೊಂಡಿರಿ? ಒಂದು 8.2 ಕೆಜಿ, ಇನ್ನೊಂದು 9.5 ಕೆಜಿ. ಇಲ್ಲೇ ಮುಂಬೈನ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದವರ (ಬಿಎಆರ್‌ಸಿ) ತಂತ್ರಜ್ಞಾನದ 'ಭಾಭಾ ಕವಚ'ವೂ ಒಂಬತ್ತು ಕೆಜಿ ಆಚೀಚೆ. ಇದು ಹಗುರದ್ದು! ಕಾಕಾನ ಕಾಲದ್ದು ಇನ್ನೂ ಭಾರ. ತಲೆ ಮೇಲೆ 'ಬೀಪಿ ಪಟ್ಕಾ' ಬೇರೆ, ಎರಡು ಕೆಜಿಗೂ ಜಾಸ್ತಿ, ಅದೂ ಹಣೆ ಮತ್ತು ಹಿಂದಲೆ ಮಾತ್ರ ಕಾಯುವುದು. ಜೊತೆಗೆ ರೈಫಲ್, ಮ್ಯಾಗಜಿನ್, ನೀರು, ರೇಡಿಯೋ. ಈ ಭಾರ ಹೊತ್ತು ಗುಡ್ಡ ಹತ್ತಬೇಕು. ಲಿಫ್ಟ್ ಕೆಟ್ಟರೆ ಆಫೀಸಿಗೆ ಇಮೇಲ್ ಬರೆಯುವವರು ನಾವು.

ಗೊತ್ತು, ಈಗ ಕಮೆಂಟ್‌ನಲ್ಲಿ ಏನು ಬರುತ್ತೆ ಅಂತ. 'ಅದು ಆಟ ಮಾರಾಯಾ, ಚೆಸ್‌ನಲ್ಲಿ ಆನೆ ಲದ್ದಿ ಹಾಕುತ್ತಾ?' ಒಪ್ಪಿದೆ. ಭಾರ ಹಾಕಿದರೆ ಯಾರೂ ಆಡುವುದಿಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ, 'ಎಸ್ಕೇಪ್ ಫ್ರಂ ಟಾರ್ಕೋವ್' ಅನ್ನೋ ಆಟದಲ್ಲಿ ಭಾರದ ಜಾಕೆಟ್ ಹಾಕಿದರೆ ನಡಿಗೆ ನಿಧಾನ ಆಗುತ್ತೆ, ರಿಪೇರಿ ಮಾಡಿದರೂ ಹೊಸದರಂತೆ ಆಗುವುದಿಲ್ಲ. ಜನ ಆಡುತ್ತಾರೆ, ಬೈದುಕೊಂಡು ಆಡುತ್ತಾರೆ. ಕೌಂಟರ್-ಸ್ಟ್ರೈಕ್ ಕೂಡ ಒಂದು ಸತ್ಯ ಹೇಳಿತ್ತು: ವೆಸ್ಟ್ ಕಾಲಿಗೆ ಲೆಕ್ಕಕ್ಕಿಲ್ಲ. ಆಸ್ಟ್ರೇಲಿಯಾದ ದರೋಡೆಕೋರ ನೆಡ್ ಕೆಲ್ಲಿ ಇದನ್ನು ಮೈಮೇಲೆ ಕಲಿತ. 1880ರಲ್ಲಿ ಸುಮಾರು 44 ಕೆಜಿಯ ಕಬ್ಬಿಣದ ಕವಚ ಹಾಕಿ ಪೊಲೀಸರೆದುರು ಬಂದ. ಎದೆಗೆ ಹೊಡೆದು ಹೊಡೆದು ಸಾಕಾಗಿ ಪೊಲೀಸರು ಕಾಲಿಗೆ ಹೊಡೆದರು. ಮುಗೀತು.

ಆದ್ದರಿಂದ ಆಟ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಮಗನ ಮೇಲೂ ಇಲ್ಲ, ಅವನಿಗೆ ಹನ್ನೊಂದು. ಸಿಟ್ಟಿರುವುದು ನಲವತ್ತು ದಾಟಿದ ಮೇಲೂ ಮನುಷ್ಯನ ಮೈಮೇಲೆ ಆಟದ ಕವಚದ ನೀಲಿ ಪಟ್ಟಿ ಕಾಣುವವರ ಮೇಲೆ. ಜಾಕೆಟ್ ಇತ್ತಲ್ಲ, ಮತ್ತೆ ಹೇಗೆ ಸತ್ತ? ಜಾಕೆಟ್ ಇದ್ದೂ ಪೆಟ್ಟಾಯಿತಾ, ಹಾಗಿದ್ದರೆ ಅವನದೇ ತಪ್ಪು. ಭಾರ ಹೊತ್ತವನು ಒಬ್ಬ, ತೂಕದ ಮಾತಾಡುವವನು ಇನ್ನೊಬ್ಬ.

26/11ರ ಮುಂಬೈ ದಾಳಿ ನೆನಪು ಮಾಡಿಕೊಳ್ಳಿ. ಅವತ್ತು ಸತ್ತ ಪೊಲೀಸ್ ಅಧಿಕಾರಿ ಹೇಮಂತ್ ಕರ್ಕರೆ ಹೆಲ್ಮೆಟ್ ಹಾಕಿಕೊಳ್ಳುವ, ಜಾಕೆಟ್ ತೊಡುವ ಆ ಟಿವಿ ದೃಶ್ಯ ನಾವೆಲ್ಲ ನೂರು ಸಲ ನೋಡಿದೆವು. ಆಮೇಲೆ ಆ ಜಾಕೆಟ್ಟೇ ಕಾಣೆಯಾಯಿತು. ಅವರ ಹೆಂಡತಿ ಕವಿತಾ ಕರ್ಕರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಅದೆಲ್ಲಿ ಅಂತ ಕೇಳಬೇಕಾಯಿತು. ಅವರು ಕೇಳಿದ್ದು ಸರಿ, ಕೇಳಲೇಬೇಕಿತ್ತು. ಜಾಕೆಟ್ ಗುಣಮಟ್ಟ ಕೇಳಬಾರದು ಅಂತ ನಾನು ಹೇಳುತ್ತಿಲ್ಲ. ಸೈನ್ಯಕ್ಕೆ ಹೊಸ ಜಾಕೆಟ್ ಬೇಕು ಅಂತ 2009ರಲ್ಲಿ ಒಪ್ಪಿಗೆ ಸಿಕ್ಕಿ, 1,86,138 ಜಾಕೆಟ್‌ಗಳ ಗುತ್ತಿಗೆಗೆ ಸಹಿ ಬಿದ್ದದ್ದು 2018ರಲ್ಲಿ, 639 ಕೋಟಿಗೆ. ಆಟದಲ್ಲಿ ಗುಂಡಿ ಒತ್ತಿದರೆ ಬರುವ ವಸ್ತುವಿಗೆ ಇಲ್ಲಿ ಒಂಬತ್ತು ವರ್ಷ. ಅದರ ಬಗ್ಗೆ ಕೂಗಿ, ನಾನೂ ಬರುತ್ತೇನೆ. ಆದರೆ ಆ ಐಡಿ ಕಾರ್ಡಿನವರು ಕೂಗಿದ್ದು ಅದಕ್ಕಲ್ಲ. 26/11ರ ಅದೇ ರಾತ್ರಿ ಗಿರ್‌ಗಾಂವ್ ಚೌಪಾಟಿಯಲ್ಲಿ ಪೊಲೀಸ್ ತುಕಾರಾಮ್ ಓಂಬಳೆ ಉಗ್ರ ಕಸಬ್‌ನ ಬಂದೂಕಿನ ನಳಿಗೆ ಹಿಡಿದುಕೊಂಡರು. ಮೈಮೇಲೆ ಜಾಕೆಟ್ ಇಲ್ಲ, ಕೈಯಲ್ಲಿದ್ದದ್ದು ಲಾಠಿ. ಗುಂಡುಗಳೆಲ್ಲ ಅವರ ಮೈಗೆ ಹೋದವು, ಕೈ ಬಿಡಲಿಲ್ಲ. ಆಟದ ಲೆಕ್ಕದಲ್ಲಿ ಅವರದು ಯಾವ ಲೆವೆಲ್?

ಇಷ್ಟೆಲ್ಲ ಹಾರಾಡಿದ ಮೇಲೆ ಒಂದು ವಿಷಯ ಹೇಳದಿದ್ದರೆ ನಾನು ಕಳ್ಳ ಆಗುತ್ತೇನೆ.

26/11 ಆದ ಕೆಲವೇ ದಿನಗಳಲ್ಲಿ ಕಾಕಾ ನಿವೃತ್ತರಾಗಿ ಗದಗಿಗೆ ಬಂದಿದ್ದರು. ನಾನೂ ರಜೆಗೆ ಹೋಗಿದ್ದೆ. ಟಿವಿಯಲ್ಲಿ ಅದೇ ಓಡುತ್ತಿತ್ತು. ಎಲ್ಲರೂ ಊಟಕ್ಕೆ ಕೂತಿದ್ದೆವು. ಕಾಕಾನ ಎಡ ಭುಜದಲ್ಲಿ ಒಂದು ಗಾಯದ ಗುರುತಿದೆ, ಕುಪ್ವಾರಾದ್ದು. ಅವರು ಅಂಗಿ ಇಲ್ಲದೆ ಕೂತಾಗ ಕಾಣುತ್ತೆ. ನನಗೆ ಇಪ್ಪತ್ನಾಲ್ಕು ವಯಸ್ಸು, ತಲೆ ತುಂಬಾ ಕೌಂಟರ್-ಸ್ಟ್ರೈಕ್. ಕೇಳೇಬಿಟ್ಟೆ.

"ಕಾಕಾ, ಜಾಕೆಟ್ ಹಾಕ್ಕೊಂಡಿದ್ರಿ ಅಲ್ಲೇನ್ರಿ? ಮತ್ತ ಭುಜಕ್ಕ ಹೆಂಗ ಬಿತ್ತು? ಸರಿ ಕಟ್ಟಿದ್ದಿಲ್ಲೇನು?"

ಕಾಕು ರೊಟ್ಟಿ ಬುಟ್ಟಿ ಕೆಳಗಿಟ್ಟು ಎದ್ದು ಒಳಗೆ ಹೋದರು. ಕಾಕಾ ತಟ್ಟೆ ನೋಡುತ್ತಾ ಶೇಂಗಾ ಚಟ್ನಿ ಕಲಸಿಕೊಂಡರು. ನಾನು ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ವೆಸ್ಟ್ ಬೆಲೆ 650, ಹೆಲ್ಮೆಟ್ ಸೇರಿದರೆ 1000 ಅಂತ ಅವರಿಗೆ ವಿವರಿಸಿದೆ. ಅವತ್ತೂ ಅವರು ಅಂದದ್ದು "ಹೌದೇನು" ಅಂತ ಅಷ್ಟೇ. ಮೊನ್ನೆ ಮಾಲ್‌ನಲ್ಲಿ 'ಹಾಂ ಸಾಹೇಬ್' ಕೇಳಿದಾಗ ದನಿ ಪರಿಚಯದ್ದು ಅನಿಸಿತು. ಆ ಐಡಿ ಕಾರ್ಡಿನವರ ಮೇಲೆ ಇಷ್ಟು ಉರಿಯುವುದು ಯಾಕೆ ಅಂತ ಈಗ ನಿಮಗೂ ಗೊತ್ತಾಯಿತು.

ಭುಜನೋವಿನ ಕತೆ ಬಾಕಿ ಇದೆ. ಶನಿವಾರ ರಾತ್ರಿ ಮಗ, "ಹತ್ತು ಕೆಜಿ ಅಷ್ಟೇ ತಾನೇ, ಪಪ್ಪಾ ಹೊರ್ತಾರೆ" ಅಂದುಬಿಟ್ಟ. ಕಾಕಾ ನನ್ನ ಹೊಟ್ಟೆ ನೋಡಿ ಏನೂ ಅನ್ನಲಿಲ್ಲ. ಅದೇ ತಪ್ಪಾಯಿತು. ಭಾನುವಾರ ಬೆಳಗ್ಗೆ ಆರೂವರೆಗೆ ಪರ್ವತಿ ಗುಡ್ಡದ ಬುಡದಲ್ಲಿ ನಿಂತಿದ್ದೆ. ಎದೆಗೊಂದು ಶಾಲೆ ಬ್ಯಾಗ್, ಬೆನ್ನಿಗೊಂದು. ಒಂದೊಂದರಲ್ಲೂ ಐದು ಕೆಜಿ ಜೋಳದ ಹಿಟ್ಟಿನ ಚೀಲ. ರೈಫಲ್ ಬದಲು ಕೊಡೆ, ಎರಡೂ ಕೈಯಲ್ಲಿ ಹಿಡಿಯಬೇಕು, ಕೆಳಗೆ ಇಳಿಸಬಾರದು. ಇದು ಸುಬೇದಾರರ ಆದೇಶ.

ಪರ್ವತಿಗೆ 103 ಮೆಟ್ಟಿಲು. ಪ್ರತಿ ಶ್ರಾವಣದಲ್ಲಿ ಹತ್ತಿದ ಮೆಟ್ಟಿಲೇ. ಇಪ್ಪತ್ತರ ತನಕ ನಾನು ನಗುತ್ತಿದ್ದೆ. ಮೂವತ್ತಕ್ಕೆ ಗೊತ್ತಾಯಿತು, ಎದೆಯ ಬ್ಯಾಗ್ ಅಡ್ಡ ಬಂದು ನನ್ನ ಕಾಲೇ ನನಗೆ ಕಾಣುತ್ತಿಲ್ಲ. ಮೆಟ್ಟಿಲನ್ನು ಕಾಲಿನಿಂದ ತಡಕಿ ಹತ್ತಬೇಕು. ಐವತ್ತಕ್ಕೆ ಶೂ ಲೇಸ್ ಬಿಚ್ಚಿತು, ಬಗ್ಗಲು ಆಗಲಿಲ್ಲ, ಮಗ ಕಟ್ಟಿದ. ಉಸಿರು ಪೂರ್ತಿ ಎಳೆದುಕೊಳ್ಳಲು ಆಗುವುದಿಲ್ಲ, ಪಟ್ಟಿ ಬಿಡುವುದಿಲ್ಲ. ಬೆವರು ಬ್ಯಾಗಿನ ಹಿಂದೆಯೇ ನಿಲ್ಲುತ್ತೆ, ಗಾಳಿ ಆಡುವುದಿಲ್ಲ. ವಾಕಿಂಗ್ ಬಂದಿದ್ದ ಒಬ್ಬ ಮಾವುಶಿ ನಿಂತು, "ಕಾಯ್ ಹೋ, ಘರ್ ಬದಲತಾಯ್ ಕಾ?" ಅಂತ ಕೇಳಿದರು. ಮನೆ ಬದಲಿಸ್ತಾ ಇದ್ದೀನಾ ಅಂತ. ಉತ್ತರ ಕೊಡಲು ಉಸಿರಿರಲಿಲ್ಲ. ಮಗ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾ, "ಪಪ್ಪಾ, ನಿಮ್ಮ ಹೆಲ್ತ್ ಬಾರ್ ಕೆಂಪು" ಅನ್ನುತ್ತಿದ್ದ.

ಎಪ್ಪತ್ತನೇ ಮೆಟ್ಟಿಲ ಹತ್ತಿರ ಕಾಕಾ ಹಿಂದಿನಿಂದ ಇದ್ದಕ್ಕಿದ್ದಂತೆ ಕೂಗಿದರು. "ಡೌನ್!"

ಬಿದ್ದೆ. ಮಲಗಿದೆ ಅನ್ನುವುದಕ್ಕಿಂತ ಬಿದ್ದೆ. ಎದೆಯ ಚೀಲದ ಮೇಲೆ ಆಮೆಯ ಹಾಗೆ. ಕೈಕಾಲು ನೆಲಕ್ಕೆ ಸರಿಯಾಗಿ ಮುಟ್ಟುತ್ತಿಲ್ಲ, ತಲೆ ಎತ್ತಿದರೆ ಹಿಂದಿನ ಬ್ಯಾಗ್ ಕುತ್ತಿಗೆಗೆ ಒತ್ತುತ್ತೆ. ಏಳಲು ಎರಡು ಸಲ ನೋಡಿದೆ, ಕಾಕಾ ಕಂಕುಳಿಗೆ ಕೈ ಹಾಕಿ ಎತ್ತಿದರು. ಅವರಿಗೆ ಅರವತ್ತು ದಾಟಿದೆ.

ಮೇಲೆ ಹತ್ತಿ ದೇವಸ್ಥಾನದ ಕಟ್ಟೆ ಮೇಲೆ ಕೂತಾಗ ಎರಡೂ ಭುಜದ ಮೇಲೆ ಪಟ್ಟಿಯ ಕೆಂಪು ಬರೆ. ಮಗ ಪುಣೆ ಫೋಟೋ ತೆಗೆಯಲು ಆಚೆ ಹೋಗಿದ್ದ. ನಾವಿಬ್ಬರೇ. ನಾನು ಹೇಗೋ ಶುರು ಮಾಡಿದೆ.

"ಕಾಕಾ, ಅವತ್ತ ಊರಾಗ ನಾ ಒಂದ್ ಮಾತ ಕೇಳಿದ್ದೆ. ಊಟಕ್ಕ ಕುಂತಾಗ. ನಿಮ್ಮ ಭುಜದ್ದು..."

ಕಾಕಾ ನನ್ನ ಕಡೆ ನೋಡಲಿಲ್ಲ. ನನ್ನ ಎದೆಯ ಬ್ಯಾಗ್ ನೋಡುತ್ತಿದ್ದರು.

"ಮೊದ್ಲ ಅದನ್ನ ಬಿಚ್ಚಲೇ ತಮ್ಮಾ. ಹಿಟ್ಟ ಸೋರಾಕತ್ತೈತಿ."